ಬೆನ್ನಿಗೆ ಹತ್ತಿದ ಮಣ್ಣು

ನವೆಂಬರ್ ೪, ಮಂಗಳವಾರ

ಅದಽ ಚಾ, ಅದಽ ಬ್ರಶ್. ಗೊಬ್ಬರದ ಅಂಗಡಿ ಬೋರ್ಡು ಮುಗಿಸಿದೆ. ವಾರಪತ್ರಿಕೆಗೆ ಮಾತ್ರ ಏನೂ ಬರೀಲಿಲ್ಲ. ಹತ್ತೊಂಬತ್ತು ವರ್ಷದಾಗ ಹಿಂಗಾದ ಮೊದಲನೇ ಮಂಗಳವಾರ.

ಹೋದ ವಾರ ನನ್ನ ಚಿತ್ರಕಥಿ ಪೈಲ್ವಾನ ಮಲ್ಲೇಶಿ ರಿಟೈರ್ ಆದ. ಕಡೀ ಚೌಕದಾಗ ಗರಡಿ ಮಣ್ಣಿಗೆ ಹಣಿ ಹಚ್ಚಿ ಎದ್ದು ಹೋದ. ಜಮಖಂಡಿ ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಓದಿ ಅತ್ತರಂತ. ನನಗೇನೂ ಆಗಲಿಲ್ಲ. ಹಸಿವೂ ಇಲ್ಲ.

ನವೆಂಬರ್ ೫

ಸಂಪಾದಕ ಅಂದಾನೆಪ್ಪನವರ ಫೋನು.

"ಕಲ್ಮೇಶ, ಮುಂದೇನೋ? ಜಪಾನಿನ ಚಿತ್ರಕಥ್ಯಾಗ ಹೀರೋ ರಿಟೈರ್ ಆದ್ರ ಮಗನ್ನ ಇಳಸ್ತಾರಂತ. ನೀನೂ ಇಳಸು."

"ಮಲ್ಲೇಶಿಗೆ ಲಗ್ನಾನಽ ಆಗಿಲ್ರೀ."

"ಹತ್ತೊಂಬತ್ತು ವರ್ಷ ಏನ್ ಮಾಡಿದ್ಯೋ ಮಾರಾಯಾ? ಅಂವಗೊಂದು ಕನ್ಯಾ ಸಿಗಲಿಲ್ಲೇನು?"

ನಕ್ಕೆ. ಬಂದ ನಗಿ ಅಲ್ಲ, ಮಾಡಿದ ನಗಿ.

ನವೆಂಬರ್ ೯, ರವಿವಾರ

ಸಾವಳಗಿ. ಅಣ್ಣನ ಮನಿ. ಮಲ್ಲೇಶಿ ಅಂದ್ರ ನಮ್ಮ ಗುರುಸಿದ್ದಣ್ಣನಽ — ಅದಽ ಮೀಸಿ, ಅದಽ ಮುದುಡಿದ ಕಿವಿ. ಎಲ್ಲಾರಿಗೂ ಗೊತ್ತು. ಅಂವಾ ಕುಸ್ತಿ ಬಿಟ್ಟು ಎಂಟು ವರ್ಷಾತು. ಮಂದಿ ಇನ್ನೂ "ಬರ್ರಿ ಮಲ್ಲೇಶಿ ಪೈಲ್ವಾನ್ರ" ಅಂತ ಕರದು ಚಾ ಕುಡಸ್ತಾರ.

"ಇನ್ನ ನನ್ನ ಯಾರ ಕೇಳ್ತಾರಲೇ," ಅಂದ ಅಣ್ಣ.

ರಾಜಶ್ರೀ ವೈನಿ ರೊಟ್ಟಿ ಬಡಿಯೂದು ನಿಲ್ಲಿಸಿ ನನ್ನ ಮಾರಿ ನೋಡಿದ್ರು. ಬಸ್ ಹಿಡದು ಬಂದೆ.

ನವೆಂಬರ್ ೧೦, ಮಧ್ಯಾಹ್ನ

ಮುಂದ ಬರಿಯಾಕ ಒಂದಽ ಕಥಿ ಉಳದೈತಿ. ಸೋತಾಂವಂದು. ಅನಗವಾಡಿ ಭೀಮಶಿ. ಚಿತ್ರಕಥ್ಯಾಗ ಭೀಮ್ಯಾ ಅಂತ ಹೆಸರಿಟ್ಟು, ಅವನ ಮಾರೀನಽ ಬರದು, ಮಲ್ಲೇಶಿ ಕೈಲೆ ನಲವತ್ತು ಸಲ ಕೆಡವಿಸೇನಿ.

ಖರೆ ಅಂದ್ರ ಅಣ್ಣ, ಭೀಮಶಿ ಹಿಡದದ್ದು ಒಂದಽ ಕುಸ್ತಿ. ಮುಧೋಳದಾಗ. ಇಬ್ಬರೂ ಅಂಚಿಗೆ, ಮಂದ್ಯಾಗ ಬಿದ್ರು. ಅಣ್ಣ ಚಿತ್, ಬೆನ್ನ ನೆಲಕ್ಕ. ಪಂಚರಿಗೆ ಕಾಣಲಿಲ್ಲ. ಬೆನ್ನಿಗೆ ಮಣ್ಣ ಹತ್ತೇತೇನು ನೋಡಿ ತೀರ್ಪ ಹೇಳೂದು ಪದ್ಧತಿ. ಅವರು ಬರೂದ್ರಾಗ ನಾ ಟಾವೆಲ್ ತಗೊಂಡು ಓಡಿದೆ. ಬೆವರ ಒರಸಿದಂಗ ಮಾಡಿ ಬೆನ್ನ ಒರಸಿಬಿಟ್ಟೆ. "ಮಣ್ಣಿಲ್ಲ. ಬರೋಬರಿ, ಯಾರೂ ಸೋತಿಲ್ಲ," ಅಂದ್ರು.

ಜಟ್ಟಿ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅಂತಾರಲ್ಲ. ಮಣ್ಣ ಒರಸಿದಾಂವ ನಾನು. ಹದಿನೆಂಟು ವರ್ಷದಾಂವ ಇದ್ದೆ. ಚಿತ್ರಕಥಿ ಚಾಲೂ ಆದದ್ದು ಅದಽ ವರ್ಷ. ಯಾರ ಮುಂದೂ ಹೇಳಿಲ್ಲ. ಅಣ್ಣನ ಮುಂದೂ.

ನವೆಂಬರ್ ೧೮

ಅನಗವಾಡಿಗೆ ಹೋಗಿದ್ದೆ. ಭೀಮಶಿ ಕುರಿ ಹಟ್ಟಿ ಕಸ ಹೊಡಿಯಾಕತ್ತಿದ್ದ. ಗುರುತು ಹಿಡದ. ಹೆಂಡತಿ ಸಾತವ್ವ ಚಾ ಕೊಟ್ರು.

"ನಿಮ್ಮಣ್ಣನ್ನ ನಾನಽ ಚಿತ್ ಮಾಡಿದ್ದೆ ಅಂತ ನಮ್ಮವ್ವಗ ಹೇಳಿದ್ನಿರಿ," ಅಂದ. "ನಂಬಲಿಲ್ಲ. ಪೇಪರಿನ್ಯಾಗ ವಾರಾ ನೀನಽ ಬೀಳ್ತೀಯಲ್ಲೋ ಅಂದ್ಲು. ಹ್ವಾದ ವರ್ಷ ತೀರಿಕೊಂಡ್ಲು."

ಸಿಟ್ಟಿರಲಿಲ್ಲ. ಬಿಸ್ಕೀಟ್ ತಿನ್ರಿ ಅಂದ. ಹೇಳಾಕಂತ ಹೋದಾಂವ, ಚಾ ಕುಡದು ಬಂದೆ. ಥೂ ನನ್ನ.

ನವೆಂಬರ್ ೨೪

ಬರದೆ. ಆರು ಚೌಕ. ಅಣ್ಣನ ಬೆನ್ನ, ಕೆಂಪು ಮಣ್ಣ, ಟಾವೆಲ್, ಟಾವೆಲ್ ಹಿಡದ ನನ್ನ ಮಾರಿ. ನಾಳೆ ಅಚ್ಚಿಗೆ ಹೋಗಬೇಕು. ಅದಕಿಂತ ಮೊದಲ ಅಣ್ಣಗ ತೋರಿಸಬೇಕು. ಪ್ರಿಂಟ್ ಆದ್ರ ಅಂವಗ ಯಾರೂ ಚಾ ಕುಡಸೂದಿಲ್ಲ.

ನವೆಂಬರ್ ೨೫, ಮಂಗಳವಾರ, ಮುಂಜಾನೆ

ಅಣ್ಣ ಒಂದೊಂದು ಚೌಕಕ್ಕ ಬೆರಳ ಇಟ್ಟು ನೋಡಿದ. ಬೈತಾನಂತ ಕುಂತಿದ್ದೆ. ಹೊಡದಿದ್ರೂ ಛಲೋ ಇತ್ತು.

"ಒಂದ್ ತಪ್ಪೈತಿ," ಅಂದ.

"ಎಲ್ಲಿ?"

"ಇಲ್ಲಿ. ನೀ ನಿನ್ನಷ್ಟಕ್ಕ ನೀನಽ ಓಡಿ ಬಂದಂಗ ಬರದೀ. ನಾ ಕರದಿದ್ದೆ. 'ಕಲ್ಮ್ಯಾ, ಲಗೂನ ಒರಸಲೇ' ಅಂತ. ಮರತೀಯೇನು?"

ಕರದಿದ್ನೇನು? ನನಗ ನೆನಪಿಲ್ಲ. ಖರೇನಽ ಹೇಳಿದ್ನೋ, ನನ್ನ ತಪ್ಪ ತಾ ಹೊತಗೊಂಡ್ನೋ. ಕೇಳಿದೆ. "ತಿದ್ದಿ ಕೊಡು," ಅಂದು ಒಳಗ ಹ್ವಾದ.

ಅವನ ಕಟ್ಟಿ ಮ್ಯಾಲೇ ಕುಂತೇನಿ. ಚಿತ್ರದಾಗ ಅಣ್ಣನ ಬಾಯಿ ಅಳಿಸಿದೆ. ಕರಿಯೂವಂಗ ತೆರದ ಬಾಯಿ ಬರೀಬೇಕು. ಹತ್ತೊಂಬತ್ತು ವರ್ಷ ಬರದ ಮಾರಿ, ಬರವಲ್ತು. ಮತ್ತೊಮ್ಮೆ ಅಳಿಸಿ, ಮತ್ತ ಬರಿಯಾಕತ್ತೇನಿ.