ಗುಬ್ಬಚ್ಚಿಯ ಕಥೆ ಹೇಳಿ ಕಳಿಸಿದೆ

ಹನ್ನೊಂದನೇ ತಾರೀಖು, ಮಂಗಳವಾರ. ರಾತ್ರಿ ಊಟ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಮಧ್ಯಾಹ್ನ ನನ್ನ ಹೊಲಿಗೆ ಅಂಗಡಿಗೆ ತಂಗಿ ಬಂದಳು, ಕೈಯಲ್ಲಿ ಬಟ್ಟೆ ತುಂಬಿದ ಚೀಲ.

"ಅಣ್ಣಾ, ಇನ್ನು ಆ ಮನೇಲಿ ಇರೋಕಾಗಲ್ಲ" ಎಂದಳು.

ಏನಾಯ್ತಮ್ಮ ಎಂದು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೇ" ಎಂದು, ಮುನಿಸಿಕೊಂಡು ಗೂಡು ಬಿಟ್ಟ ಗುಬ್ಬಚ್ಚಿಯ ಕಥೆ ಶುರುಮಾಡಿದೆ. ಚಿಕ್ಕಂದಿನ ಹಾಗೇ ಹೂಂಗುಟ್ಟುತ್ತಾ ಕೂತಳು. ಗುಬ್ಬಚ್ಚಿ ತಿರುಗಿ ಗೂಡು ಸೇರಿದಾಗ ಬಟ್ಟೆ ಕೊಡಲು ಬಂದವರೆಲ್ಲ ನಕ್ಕರು, ಅವಳೂ ನಕ್ಕಳು.

"ಚೆನ್ನಾಗಿ ಹೇಳ್ತೀಯಪ್ಪಾ ನೀನು" ಎಂದು ಚೀಲ ಎತ್ತಿಕೊಂಡು ಹೊರಟಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಅವಳ ಮನಸ್ಸು ಹಗುರ ಮಾಡಿದೆ ಎಂದುಕೊಂಡೆ. ನಿಜಕ್ಕೂ ಮುಚ್ಚಿಸಿದ್ದು ಅವಳ ಬಾಯಿಯನ್ನು.

ಸಂಜೆ ಆ ಬಟ್ಟೆಯ ಚೀಲ ನೆನಪಾಗಿ ಅವಳಿಗೆ ಫೋನು ಮಾಡಿದೆ. ಎತ್ತಿದವನು ಅವಳ ಗಂಡ.

"ಭಾವ, ಬುದ್ಧಿ ಹೇಳಿ ಕಳಿಸಿದ್ರಿ, ದೊಡ್ಡ ಉಪಕಾರ ಆಯ್ತು. ಇನ್ನು ಅವಳು ಎಲ್ಲಿಗೂ ಹೋಗಲ್ಲ ಬಿಡಿ."

ಅವಳ ಕೈಗೆ ಕೊಡಪ್ಪ ಅನ್ನಬೇಕಿತ್ತು. "ಅಯ್ಯೋ, ಅದರಲ್ಲೇನಿದೆ" ಎಂದು ನಕ್ಕುಬಿಟ್ಟೆ.

ಬೆಳಗಾಗುತ್ತಲೇ ಹೋಗುತ್ತೇನೆ. ಹೋಗಿ ಸುಮ್ಮನೆ ಅವಳೆದುರು ಕೂತು, ಏನಾಯ್ತಮ್ಮ ಅಂತ ಕೇಳುತ್ತೇನೆ. ಏನೂ ಇಲ್ಲ ಬಿಡಣ್ಣ ಎಂದುಬಿಟ್ಟರೆ...