ಹದಿನಾಲ್ಕರಲ್ಲಿ ಒಂಬತ್ತು

ಅಕ್ಕಾ,

ಕ್ಷೇಮ ವಿಚಾರಿಸಿ ಶುರುಮಾಡುವ ಮನಸ್ಸಿಲ್ಲ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಅದೇನೂ ಹೊಸದಲ್ಲ, ಅಪ್ಪ ಕೆಲಸದಿಂದ ಬಂದೊಡನೆ "ದೊಡ್ಡವಳೆಲ್ಲಿ?" ಎಂದು ಕೇಳುತ್ತಿದ್ದ ಕಾಲದ್ದು. ಆದರೆ ಈ ಸಲದ್ದು ನುಂಗಿದರೂ ಇಳಿಯುತ್ತಿಲ್ಲ.

ನನ್ನ ಒಂದನೇ ತರಗತಿಯ ಮಕ್ಕಳ ಹಲ್ಲು ನೋಡಲು, ಹಲ್ಲಿನ ಡಾಕ್ಟರಾದ ನಿನ್ನನ್ನು ಶಾಲೆಗೆ ಕರೆದವಳು ನಾನೇ. ನೀನು ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕೂತೆ. ಹನ್ನೊಂದನೆಯವಳಾಗಿ ನಮ್ಮ ಪೆನ್ಸಿಲ್ ಬಂದಳು. ಕಡ್ಡಿಯಂಥ ಹುಡುಗಿ, ಕೈಗೆ ಸಿಕ್ಕ ಪೆನ್ಸಿಲ್ಲನ್ನೆಲ್ಲ ಕಚ್ಚುವವಳು, ಅದಕ್ಕೇ ಆ ಹೆಸರು. ನೀನು ಅವಳ ಮೇಲ್ದುಟಿ ಎತ್ತಿದೆ. ಒಳಗೆ ಹರಿದ ಗಾಯ. "ಇದು ಹೇಗಾಯ್ತು ಪುಟ್ಟಾ?" ಎಂದು ಕೇಳಿ ಸುಮ್ಮನಾದೆ. ಅವಸರ ಮಾಡಲಿಲ್ಲ, ಅಯ್ಯೋ ಎನ್ನಲಿಲ್ಲ. ಅವಳು ಹೇಳಿಯೇಬಿಟ್ಟಳು: "ಅಳ್ಬೇಡ ಅಂತ ಅಪ್ಪ ಬಾಯಿ ಒತ್ತಿ ಹಿಡೀತಾರೆ."

ಏಳು ತಿಂಗಳು ನನ್ನ ಮಡಿಲಲ್ಲಿ ಕೂತು ಅಕ್ಷರ ತಿದ್ದಿದವಳು, ಏಳು ನಿಮಿಷ ನೋಡಿದ ನಿನಗೆ ಹೇಳಿದಳು.

ಅಂದೇ ಮಧ್ಯಾಹ್ನ ನೀನು ಮಕ್ಕಳ ರಕ್ಷಣಾ ಕಚೇರಿಗೆ ಫೋನ್ ಮಾಡಿದೆ. ನಿನ್ನ ಹೆಸರು, ಗಾಯದ ಅಳತೆ, ಅವಳ ಮಾತು ಅವಳ ಬಾಯಲ್ಲಿ ಬಂದ ಹಾಗೆಯೇ. ನಿನ್ನದೊಂದು ಊಹೆಯನ್ನೂ ಸೇರಿಸಲಿಲ್ಲ. ಸಂಜೆಯೊಳಗೆ ಅವಳು ಅಜ್ಜಿಯ ಮನೆ ಸೇರಿದಳು. ಇಡೀ ಶಾಲೆ ನಿನ್ನನ್ನು ಹೊಗಳಿತು. ನಾನೂ ನಕ್ಕೆ, ಮನೆಗೆ ಬಂದು ಒಂದು ತಟ್ಟೆ ಒಡೆದೆ.

ನಾನು ಕೈಚೀಲದಲ್ಲಿ ತುಂಬಿಕೊಂಡು ತಿರುಗುವ ಕರಪತ್ರಗಳನ್ನು ನೋಡಿ ನೀನು "ಲೇ, ಇಷ್ಟನ್ನೂ ಓದಿದ್ರೆ ಮಕ್ಕಳನ್ನ ಯಾವಾಗ ನೋಡ್ತೀಯೇ?" ಎಂದು ಗೇಲಿ ಮಾಡಿದ್ದು ನೆನಪಿದೆಯೇ? ಅದರಲ್ಲೊಂದರಲ್ಲಿ ಹದಿನಾಲ್ಕು ಲಕ್ಷಣಗಳ ಪಟ್ಟಿಯಿದೆ. ಕೈ ಎತ್ತಿದರೆ ತಲೆ ತಗ್ಗಿಸುವುದು. ತರಗತಿಯಲ್ಲಿ ನಿದ್ದೆ. ತೋಳಿನ ಮೇಲೆ ಬೆರಳ ಗುರುತು. ಹುಳುಕು ಹಲ್ಲಿಗೆ ತಿಂಗಳಾದರೂ ಚಿಕಿತ್ಸೆಯಿಲ್ಲ. ಪೆನ್ಸಿಲ್ ಹುಡುಗಿಯ ಹೆಸರಿನ ಮುಂದೆ ಒಂದೊಂದಾಗಿ ಗುರುತು ಹಾಕುತ್ತ ಬಂದೆ. ಮೂರು ವಾರದಲ್ಲಿ ಒಂಬತ್ತಾಯಿತು. ಇನ್ನೈದು ಸಿಗಲಿ, ಯಾರೂ ಅಲ್ಲಗಳೆಯಲಾರದ ಹಾಗೆ ತೆಗೆದುಕೊಂಡು ಹೋಗೋಣ ಎಂದು ಕಾಯುತ್ತಲೇ ಇದ್ದೆ. ಅವಳು ಪೆನ್ಸಿಲ್ ಕಚ್ಚುವುದನ್ನು ನಿಲ್ಲಿಸಿದ್ದೂ ಕಣ್ಣಿಗೆ ಬಿತ್ತು. ಅದು ಪಟ್ಟಿಯಲ್ಲಿರಲಿಲ್ಲ, ಬಿಟ್ಟೆ.

ಅದೇ ಹಾಳೆಯ ಕೊನೆಯಲ್ಲಿ "ಅನುಮಾನ ಬಂದರೆ ಸಾಕು, ಕೂಡಲೇ ತಿಳಿಸಿ. ಸಾಬೀತು ಮಾಡುವುದು ನಿಮ್ಮ ಕೆಲಸವಲ್ಲ" ಎಂದಿದೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದವಳು ನಾನು. ಶಿಕ್ಷಕರ ಸಭೆಯಲ್ಲಿ ಎದ್ದು ನಿಂತು ಓದಿ ಎಲ್ಲರಿಗೂ ಬುದ್ಧಿ ಹೇಳಿದವಳೂ ನಾನೇ. ನಿಜ ಹೇಳಲೇ? ಅವಳನ್ನು ನಾನೇ ಕಾಪಾಡಬೇಕಿತ್ತು. ನಾನೇ.

ಆಮೇಲೆ ನೀನು ಬರೆದುಕೊಟ್ಟ ವರದಿಯಲ್ಲಿ "ಗಾಯವಾಗಿ ನಾಲ್ಕೈದು ದಿನ" ಎಂದಿದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನಾನು ಮೊದಲ ವಾರವೇ ಬಾಯಿ ಬಿಟ್ಟಿದ್ದರೆ ಆ ತುಟಿ ಹರಿಯುತ್ತಿರಲಿಲ್ಲ.

ನಿನ್ನೆ ಕಚೇರಿಯಿಂದ ಅಧಿಕಾರಿ ಬಂದು, ನಿಮಗೆ ಮೊದಲು ಅನುಮಾನ ಬಂದದ್ದು ಯಾವಾಗ ಎಂದು ಬರೆದುಕೊಡಲು ಹೇಳಿದರು. ಮುಖ್ಯೋಪಾಧ್ಯಾಯಿನಿ ಕಿವಿಯ ಹತ್ತಿರ ಬಾಗಿ "ನಿಮ್ಮಕ್ಕ ಬಂದ ದಿನಾನೇ ಅಂತ ಬರೀಮ್ಮ, ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀಯ" ಎಂದರು. ನಾನು ಅದಕ್ಕೂ ಮೂರು ವಾರ ಹಿಂದಿನ ತಾರೀಕು ಬರೆದು ಸಹಿ ಹಾಕಿದೆ. ತಡಮಾಡಿದ್ದಕ್ಕೆ ವಿಚಾರಣೆ ಇದೆಯಂತೆ. ಇರಲಿ.

ಹೋಗುವಾಗ ಆ ಅಧಿಕಾರಿ, ಹುಡುಗಿ "ಹಲ್ಲಿನ ಅಕ್ಕ ಯಾವಾಗ ಬರ್ತಾರೆ?" ಎಂದು ಕೇಳುತ್ತಿರುತ್ತಾಳೆ ಎಂದರು. ನನ್ನನ್ನು ಕೇಳಿದಳೇ ಎಂದು ವಿಚಾರಿಸಲು ಬಾಯಿ ಬರಲಿಲ್ಲ.

ಶನಿವಾರ ಅವಳನ್ನು ನೋಡಲು ಹೋಗುವಾಗ "ನೀನೂ ಬಾರೇ" ಎಂದಿದ್ದೀಯ. ಬರುವುದಿಲ್ಲ. ಬಂದರೆ ಅವಳ ತುಟಿ ವಾಸಿಯಾಯಿತೇ ಎಂದು ನೋಡುವ ಮೊದಲು, ಅವಳು ಯಾರ ಮಡಿಲಿಗೆ ಹೋದಳು ಎಂದು ನೋಡುತ್ತೇನೆ. ಆ ಮಗುವನ್ನು ಹಾಗೆ ನೋಡುವ ಕಣ್ಣು ಅವಳ ಮುಂದೆ ಬೇಡ. ನೀನೊಬ್ಬಳೇ ಹೋಗು, ಬಿಡುವು ಮಾಡಿಕೊಂಡು ಹೋಗು.

ನಿನಗೆ ಒಳ್ಳೆಯದಾಗಲಿ ಎಂದು ಹಾರೈಸಲು ಇವತ್ತು ತುಂಬ ಕಷ್ಟಪಡುತ್ತಿದ್ದೇನೆ. ಆದರೂ ಆಗಲಿ.

ಇನ್ನೂ ಉರಿಯುತ್ತಿರುವ,
ನಿನ್ನ ತಂಗಿ