ಕೂರಲು ಕೊಟ್ಟ ಲೈಫ್ ಜಾಕೆಟ್

ಕೆರೆಯ ದೋಣಿವಿಹಾರದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಕೆರೆಯಲ್ಲಿ ಲೈಫ್ ಜಾಕೆಟ್ ಇರುವುದು ಕೂರುವುದಕ್ಕೆ. ಕಾದ ಹಲಗೆಯ ಮೇಲೆ ಹಾಸಿಕೊಂಡರೆ ಮೆತ್ತಗಿರುತ್ತದೆ. ಬಕಲ್ ಚುಚ್ಚಬಾರದೆಂದು ಪಟ್ಟಿಗಳನ್ನೇ ಕತ್ತರಿಸಿಟ್ಟಿದ್ದೀರಿ. ನಾಗರಿಕರ ಪೃಷ್ಠದ ಬಗ್ಗೆ ಇಷ್ಟೊಂದು ಕಾಳಜಿಯುಳ್ಳ ಕಚೇರಿ ಇನ್ನೆಲ್ಲಿದೆ? ವ್ಯಂಗ್ಯವಾಡಲೂ ನನಗೆ ನಾಚಿಕೆಯಾಗುತ್ತಿದೆ, ಏಕೆಂದರೆ ಕಳೆದ ಭಾನುವಾರ ನಾನೂ ಹಾಗೆಯೇ ಕೂತಿದ್ದೆ.

ನಾನು ಬಸ್ ಚಾಲಕ. ದಾರಿಹೋಕರ ಮೇಲೆ ಕೆಸರು ಹಾರಬಾರದೆಂದು ಗುಂಡಿ ಕಂಡರೆ ಗೇರ್ ಇಳಿಸುವವನು. ನೀರಿನ ಮೇಲೆ ಆ ಬುದ್ಧಿ ಎಲ್ಲಿ ಹೋಗಿತ್ತೋ! ಹೆಂಡತಿ, ಭಾಮೈದನ ಜೊತೆ ಮೋಟಾರ್ ದೋಣಿ ಹತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು ಪೆಡಲ್ ದೋಣಿ ತುಳಿಯುತ್ತಿದ್ದರು. ಅವರ ಜಾಕೆಟ್‌ಗಳೂ ಅವರ ಅಡಿಯಲ್ಲೇ ಇದ್ದವು. "ಅಣ್ಣಾ, ಅವ್ರ ಪಕ್ಕದಲ್ಲೇ ಒಂದು ರೌಂಡ್ ಹೊಡೀರಿ, ಸ್ವಲ್ಪ ಕಿರುಚಾಡ್ಲಿ!" ಎಂದ ಭಾಮೈದ. ದೋಣಿಯವನು ಹೊಡೆದ. ನಿಮ್ಮಲ್ಲಿ ಇದು ದಿನನಿತ್ಯದ ಮನರಂಜನೆಯಂತೆ. ಅವರು ಕಿರುಚಿದರು, ನಾವು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಎರಡನೇ ಸುತ್ತಿಗೆ ಎದ್ದ ಅಲೆಗೆ ಅವರ ದೋಣಿ ವಾಲಿ ಅಜ್ಜಿ ನೀರಿಗೆ ಬಿದ್ದರು.

ಕೂತಿದ್ದ ಜಾಕೆಟನ್ನು ಎಳೆದು ಎಸೆದೆ. ಅವರು ಹೇಗೋ ತೋಳು ತೂರಿಸಿದರು. ಕಟ್ಟಿಕೊಳ್ಳಲು ಪಟ್ಟಿ ಎಲ್ಲಿದೆ? ಜಾಕೆಟ್ ಕಳಚಿ ತೇಲಿತು, ಅಜ್ಜಿ ಮುಳುಗಿದರು. ದೋಣಿಯವನು ಧುಮುಕಿ ಎಳೆದು ತರದಿದ್ದರೆ ಈ ಪತ್ರವನ್ನು ಪೊಲೀಸ್ ಠಾಣೆಯಿಂದ ಬರೆಯಬೇಕಾಗುತ್ತಿತ್ತು.

ದಡದಲ್ಲಿ ಅಜ್ಜಿ ಕೆಮ್ಮುತ್ತಲೇ ನನ್ನ ಕೈ ಹಿಡಿದರು. "ನೀನು ಜಾಕೆಟ್ ಎಸೆದ್ಯಲ್ಲಪ್ಪ, ಪುಣ್ಯಾತ್ಮ. ನಿನ್ನ ಹೊಟ್ಟೆ ತಣ್ಣಗಿರ್ಲಿ."

"ಇರ್ಲಿ ಬಿಡಿ ಅಜ್ಜಿ" ಎಂದೆ. ದೊಡ್ಡ ಉಪಕಾರ ಮಾಡಿದವನ ಹಾಗೆ! ಭೂಮಿ ಬಾಯಿಬಿಡಬಾರದಿತ್ತೆ? ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ನಕ್ಕಿದ್ದನ್ನು ಅವಳು ಕಂಡಿದ್ದಳು. ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು, "ತಪ್ಪಾಯ್ತು ಅಂತ ಒಂದು ಮಾತು ಬಾಯಿಗೆ ಬರ್ಲಿಲ್ವಾ ನಿಮ್ಗೆ?" ಬಂದಿರಲಿಲ್ಲ.

ಮರುದಿನ ಮತ್ತೆ ಕೆರೆಗೆ ಹೋದೆ. ಅದೇ ಜಾಕೆಟ್‌ಗಳು ಒಣಗುತ್ತಿದ್ದವು. "ಚುಚ್ಚುತ್ತೆ ಅಂತ ಜನಾನೇ ಗಲಾಟೆ ಮಾಡಿದ್ರು ಸಾರ್, ಅದಕ್ಕೇ ಕತ್ತರಿಸಿದ್ವಿ" ಎಂದರು ನಿಮ್ಮ ಟಿಕೆಟ್ ಕೌಂಟರಿನವರು. ಜನರ ಮಾತಿಗೆ ಇಷ್ಟು ಬೇಗ ಓಗೊಡುವ ತಾವು ಈ ಒಬ್ಬನ ಮಾತನ್ನೂ ಕೇಳಿ. ಪಟ್ಟಿಗಳನ್ನು ಹೊಲಿಸಿ. ಜಾಕೆಟ್ ಕಟ್ಟಿಕೊಳ್ಳದವರನ್ನು ದೋಣಿ ಹತ್ತಿಸಬೇಡಿ. ಪೆಡಲ್ ದೋಣಿಗಳ ಹತ್ತಿರ ಮೋಟಾರ್ ದೋಣಿ ಸುಳಿಯದಂತೆ ನೋಡಿಕೊಳ್ಳಿ. ಬೇಕೆಂದೇ ಅಲೆ ಎಬ್ಬಿಸುವವರಿಗೂ ಅದಕ್ಕೆ ನಗುವವರಿಗೂ ದಂಡ ಹಾಕಿ, ನನ್ನಿಂದಲೇ ಶುರು ಮಾಡಿ.

ಇನ್ನೊಂದು ಬೇಡಿಕೆಯಿದೆ. ಅಜ್ಜಿಯನ್ನು ಆಸ್ಪತ್ರೆಗೆ ಕಳಿಸಿದ್ದು ನಿಮ್ಮ ಸಿಬ್ಬಂದಿ, ಅವರ ಮನೆ ಎಲ್ಲಿದೆಯೆಂದು ನಿಮಗೆ ಗೊತ್ತಿರುತ್ತದೆ. ದಯವಿಟ್ಟು ತಿಳಿಸಿ. ಅವರು ಹರಸಿದ್ದು ಎಂಥವನನ್ನು ಎಂದು ಅವರಿಗೆ ನಾನೇ ಹೋಗಿ ಹೇಳಬೇಕು, ಆ ಹುಡುಗಿಯ ಎದುರಿಗೇ.

ಇಂತಿ,
ಆ ಹಾರೈಕೆಯನ್ನು ಸುಮ್ಮನೆ ಜೇಬಿಗಿಳಿಸಿಕೊಂಡು ಮನೆಗೆ ಬಂದ
ಒಬ್ಬ ಬಸ್ ಚಾಲಕ